ಹೀರೆಬಳ್ಳಿಯ ಕೊನೆಗಂಟು

ಉಗುಳು ಸಿಂಚು, ನುಂಗಬೇಡ. ಕಹಿ ಹೀರೆಕಾಯಿ ಹೊಟ್ಟೆಗೆ ಹೋದರೆ ಸಂಜೆಯವರೆಗೆ ತೊಳಸುತ್ತದೆ. ತುದಿ ಕತ್ತರಿಸಿ ನಾಲಿಗೆಗೆ ಸುಮ್ಮನೆ ತಾಗಿಸಿ ನೋಡು ಅಂದರೆ, ತುಂಡನ್ನೇ ಬಾಯಿಗೆ ಹಾಕಿ ಅಗಿದುಬಿಟ್ಟೆಯಲ್ಲ ಮಾರಾಯ್ತಿ. ಹೋಗು, ಬಾಯಿ ಮುಕ್ಕಳಿಸಿ ಬಂದು ಈ ಅಮ್ಮಮ್ಮನ ಹತ್ತಿರ ಕೂತುಕೋ.

ಯಾಕೆ ಕಹಿ ಅಂತ ಕೇಳುತ್ತೀಯಾ? ಅದನ್ನು ನಗುನಗುತ್ತಾ ಹೇಳಲು ನನ್ನಿಂದ ಆಗುವುದಿಲ್ಲ. ನನ್ನ ಕೈಯಲ್ಲಿ ಲೇಸ್ ಹಾಕುವ ಈ ಕ್ರೋಶಾ ಕಡ್ಡಿ ಇರುವುದಕ್ಕೂ, ಆ ಕಾಯಿ ಕಹಿಯಾಗಿರುವುದಕ್ಕೂ ಒಂದೇ ಕಥೆ. ಕೇಳುವುದಾದರೆ ಪೂರ್ತಿ ಕೇಳಬೇಕು, ನಡುವೆ ಎದ್ದು ಹೋಗಬಾರದು.

ಲೋಕ ಇನ್ನೂ ಹೊಸದಾಗಿತ್ತು. ಮಣ್ಣು ಹಸಿಹಸಿ. ಗುಡ್ಡಗಳು ಎಷ್ಟು ಮೆತ್ತಗಿದ್ದವು ಅಂದರೆ, ಹಕ್ಕಿ ಕೂತರೂ ಕಾಲಿನ ಗುರುತು ಬೀಳುತ್ತಿತ್ತು. ಎಲ್ಲರಿಗೂ ಮೈಗೊಂದು ಬಟ್ಟೆ ಸಿಕ್ಕಿತ್ತು. ಕಡಲಿಗೆ ನೀಲಿ, ಮರಕ್ಕೆ ಹಸಿರು, ಮರಳಿಗೆ ಕಂದು. ಆದರೆ ಯಾರ ಬಟ್ಟೆಗೂ ಅಂಚು ಇರಲಿಲ್ಲ. ಅವಸರದಲ್ಲಿ ಹರಿದುಕೊಟ್ಟ ಹಾಗೆ ಎಲ್ಲೋ ಒಂದು ಕಡೆ ನಿಂತುಬಿಡುತ್ತಿತ್ತು.

ಅಂಚಿಲ್ಲದ ಬಟ್ಟೆ ಏನಾಗುತ್ತದೆ? ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಕಡಲು ಎಲ್ಲಿ ಮುಗಿಯುತ್ತದೆ ಅಂತ ಕಡಲಿಗೇ ಗೊತ್ತಿರಲಿಲ್ಲ. ಸಿಕ್ಕಸಿಕ್ಕ ಕಡೆ ನುಗ್ಗಿ, ಮರಳಿನಲ್ಲಿ ಇಂಗಿ, ದಿನದಿನಕ್ಕೆ ಸವೆಯುತ್ತಿತ್ತು. ಅರಳಿ ಮರದ ಎಲೆಗಳು ಬಿಸಿಲಿಗೆ ಚಿಂದಿಯಾಗಿ ಉದುರುತ್ತಿದ್ದವು. ಇನ್ನು ಕೆರೆಯಲ್ಲಿ ಒಂದು ಹುಳ ಇತ್ತು. ನೀವು ಏರೋಪ್ಲೇನ್ ಚಿಟ್ಟೆ ಅನ್ನುತ್ತೀರಲ್ಲ, ಅದೇ. ಆಗ ಏರೋಪ್ಲೇನ್ ಎಲ್ಲಿತ್ತು? ಬರೀ ಕೆರೆಹುಳ ಅನ್ನುತ್ತಿದ್ದರು. ಪಾಪ, ಅದಕ್ಕೆ ರೆಕ್ಕೆಯೇ ಇರಲಿಲ್ಲ. ನೀರಿನ ಮೇಲೆ ಬಿದ್ದುಕೊಂಡು, ಮೀನು ಬಾಯಿ ತೆರೆದಾಗಲೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡು ಇರುತ್ತಿತ್ತು.

ಆ ಕಾಲದಲ್ಲಿ ಹೀರೆಬಳ್ಳಿ ಅಂತ ಒಬ್ಬಳಿದ್ದಳು. ಇವತ್ತು ನಮ್ಮ ಚಪ್ಪರದ ಮೇಲೆ ಇದ್ದಾಳಲ್ಲ, ಹೀಗೆ ಬಡಕಲಾಗಿ ಇರಲಿಲ್ಲ. ದುಂಡಗೆ, ನುಣ್ಣಗೆ, ಕೈ ಇಟ್ಟರೆ ಜಾರುವಂಥ ಮೈ. ಹೂವು ಬೆಳಗಾಗುತ್ತಲೇ ಅರಳುತ್ತಿತ್ತು. ಅವಳಲ್ಲಿ ಕಹಿ ಅನ್ನುವುದು ಎಲ್ಲಿಯೂ ಇರಲಿಲ್ಲ, ಬೇರಿನಲ್ಲಿಯೂ ಇರಲಿಲ್ಲ.

ಅವಳ ಬೆರಳುಗಳನ್ನು ನೀನು ನೋಡಿದ್ದೀಯ. ಅಗೋ, ಚಪ್ಪರದ ಹಗ್ಗಕ್ಕೆ ಸುರುಳಿ ಸುತ್ತಿಕೊಂಡು ಹಿಡಿದಿದೆಯಲ್ಲ, ಹಸಿರು ಕುಡಿ, ಅದೇ ಬೆರಳು. ತುದಿ ಕೊಕ್ಕೆಯ ಹಾಗೆ ಬಾಗಿದೆ, ನೋಡು. ಈಗ ನನ್ನ ಕಡ್ಡಿಯ ತುದಿ ನೋಡು. ಆಯಿತಲ್ಲ? ಇದನ್ನು ಮಾಡಿದವರು ಅದನ್ನು ನೋಡಿಯೇ ಮಾಡಿದ್ದು.

ಒಂದು ದಿನ ಹೀರೆಬಳ್ಳಿ ಕೆಲಸವಿಲ್ಲದೆ ಕೂತಿದ್ದಳು. ಮೈಯ ರಸವನ್ನು ಎಳೆದು ನೂಲು ಮಾಡಿಕೊಂಡು, ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಆಗ ಕೊಕ್ಕೆ ನೂಲಿಗೆ ಸಿಕ್ಕಿ, ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಹೊರಬಂತು. ಅವಳಿಗೆ ಮೋಜು ಅನ್ನಿಸಿತು. ಅದರೊಳಗಿಂದ ಇನ್ನೊಂದು, ಅದರೊಳಗಿಂದ ಮತ್ತೊಂದು ಎಳೆದಳು. ಮಧ್ಯಾಹ್ನ ಆಗುವಷ್ಟರಲ್ಲಿ ಅವಳ ಮಡಿಲಲ್ಲಿ ಅಂಗೈಯಗಲದ ಒಂದು ಚೂರು ಬಿದ್ದಿತ್ತು. ಬಟ್ಟೆಯೂ ಅಲ್ಲ, ಬಲೆಯೂ ಅಲ್ಲ.

ಬಟ್ಟೆ ನೇಯುವವರು ಎಲ್ಲಿಯೂ ತೂತು ಬೀಳದ ಹಾಗೆ ನೋಡಿಕೊಳ್ಳುತ್ತಾರೆ. ಇವಳು ತೂತುಗಳನ್ನೇ ಒಂದರ ಪಕ್ಕ ಒಂದು ಚಂದಕ್ಕೆ ಕೂರಿಸಿದ್ದಳು. ಲೇಸ್ ಅಂದರೆ ಅಷ್ಟೇ ಮಗಳೇ. ನೂಲು ಕಾವಲಿಗೆ, ಚಂದವೆಲ್ಲ ತೂತಿನದ್ದು.

ಜೇಡ ಕಲಿಸಿದ್ದಲ್ಲವಾ ಅಂತೀಯಾ? ಎಲ್ಲರೂ ಹಾಗೇ ಹೇಳುತ್ತಾರೆ. ಜೇಡ ಬಲೆ ಕಟ್ಟುವುದು ನೊಣ ಹಿಡಿಯುವುದಕ್ಕೆ. ಅದು ಬೇಟೆ, ಅದು ಬೇರೆ ಕಸುಬು. ಹೀರೆಬಳ್ಳಿ ಯಾರನ್ನೂ ಹಿಡಿಯಲು ಹೊರಟವಳಲ್ಲ. ಹಿಡಿಯುವ ಬುದ್ಧಿ ಇದ್ದಿದ್ದರೆ ಅವಳ ಗತಿ ಹೀಗಾಗುತ್ತಲೂ ಇರಲಿಲ್ಲ.

ಸುದ್ದಿ ಹಬ್ಬಿಸಿದ್ದು ಗಾಳಿ. ಅದರ ಬಾಯಲ್ಲಿ ಏನಾದರೂ ನಿಲ್ಲುತ್ತದಾ? ಹೀರೆಬಳ್ಳಿ ಅಂಚು ಕಟ್ಟುತ್ತಾಳಂತೆ, ಅವಳ ಅಂಚು ಬಿಚ್ಚುವುದಿಲ್ಲವಂತೆ ಅಂತ ಊರೆಲ್ಲ ಸಾರಿಕೊಂಡು ಬಂತು.

ಮೊದಲು ಬಂದದ್ದು ಕಡಲು. ಅಷ್ಟು ದೊಡ್ಡ ಕಡಲು ಬಳ್ಳಿಯ ಬುಡದವರೆಗೆ ತೆವಳಿಕೊಂಡು ಬಂದು, ತಾಯೀ, ನಾನು ಸವೆದು ಹೋಗುತ್ತಿದ್ದೇನೆ, ನನಗೊಂದು ಅಂಚು ಹಾಕಿಕೊಡು ಅಂತ ಅಂಗಲಾಚಿತು. ಹೀರೆಬಳ್ಳಿ ಕೂಲಿ ಕೇಳಲಿಲ್ಲ. ಮುಯ್ಯಿಗೆ ಮಾಡಿಕೊಡುತ್ತೇನೆ ಅಂದಳು.

ಮುಯ್ಯಿ ಗೊತ್ತಲ್ಲ? ಇವತ್ತು ನಿನ್ನ ಗದ್ದೆಯ ನಾಟಿಗೆ ನಾನು ಬರುತ್ತೇನೆ, ನಾಳೆ ನನ್ನ ಗದ್ದೆಗೆ ನೀನು ಬರಬೇಕು. ಕೈಗೆ ಕೈ, ಬೆವರಿಗೆ ಬೆವರು. ಹೀರೆಬಳ್ಳಿ ಕೇಳಿದ್ದೂ ಅಷ್ಟೇ. ಮುಂದೆ ನನಗೆ ಮಕ್ಕಳಾಗುತ್ತವೆ, ಅವಕ್ಕೆ ಹೊದಿಕೆ ಬೇಕಾಗುತ್ತದೆ, ಆಗ ನೀನು ಬಂದು ನೂಲು ಕೊಟ್ಟು ಕೈ ಜೋಡಿಸಬೇಕು ಅಂದಳು. ಕಡಲು ಅಲೆಯ ಮೇಲೆ ಅಲೆ ಬಡಿದು ಆಣೆ ಮಾಡಿತು.

ಅವಳು ಕೂತಳು, ನೂಲು ಎಳೆದಳು, ಕುಣಿಕೆಯೊಳಗಿಂದ ಕುಣಿಕೆ ತೆಗೆದಳು. ಕಡಲಿನ ಉದ್ದಕ್ಕೂ ಬೆಳ್ಳಗಿನ ಅಂಚು ಕಟ್ಟಿದಳು. ಕಡಲು ಕಡಲಾಯಿತು, ಮರಳು ಮರಳಾಯಿತು. ಕೆಲಸ ಮುಗಿದಾಗ ಅವಳ ಮೈ ಸ್ವಲ್ಪ ಇಳಿದಿತ್ತು. ಯಾರೂ ಗಮನಿಸಲಿಲ್ಲ.

ಆಮೇಲೆ ಅರಳಿ ಮರ ಕರೆ ಕಳಿಸಿತು. ಅದರದ್ದೂ ಅದೇ ಮಾತು, ಅದೇ ಆಣೆ. ಅವಳು ಕೂತಳು, ನೂಲು ಎಳೆದಳು, ಕುಣಿಕೆಯೊಳಗಿಂದ ಕುಣಿಕೆ ತೆಗೆದಳು. ಒಂದೊಂದು ಎಲೆಯ ಒಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ಜಾಲರಿ ಕೂರಿಸಿದಳು. ಎಲೆ ಬಿಸಿಲಿಗೆ ಹರಿಯುವುದು ನಿಂತಿತು. ಅವಳ ಮೈ ಇನ್ನೂ ಇಳಿಯಿತು.

ಕೊನೆಗೆ ಬಂದದ್ದು ಕೆರೆಹುಳ. ಕರೆ ಕಳಿಸಲು ಅದಕ್ಕೆ ಯಾರಿದ್ದರು, ತಾನೇ ಹರಿದುಕೊಂಡು ಬಂತು. ನಾನು ನಿನಗೆ ಏನು ಮುಯ್ಯಿ ತೀರಿಸಿಯೇನು, ನನ್ನ ಹತ್ತಿರ ಏನಿದೆ ಅಂತ ಅತ್ತಿತು. ಅವಳು ಅದರ ಬೆನ್ನಿಗೆ ನಾಲ್ಕು ರೆಕ್ಕೆ ಹಾಕಿಕೊಟ್ಟಳು, ಬೆಳಕು ಆಚೆಯಿಂದ ಈಚೆಗೆ ಬರುವಷ್ಟು ತೆಳು. ಹುಳ ನೀರು ಬಿಟ್ಟು ಮೇಲೆದ್ದಿತು. ಅವತ್ತು ಅವಳು ಮಾಡಿದ ಕೆಲಸಕ್ಕಿಂತ ಚಂದದ ಕೆಲಸ ಇನ್ನೂ ಯಾರೂ ಮಾಡಿಲ್ಲ, ನಾನಂತೂ ಮಾಡಿಲ್ಲ.

ಈಗ ನಾನು ಹೇಳುವುದನ್ನು ಸರಿಯಾಗಿ ಕೇಳಿಸಿಕೋ, ಎಲ್ಲ ಎಡವಟ್ಟು ಆಗಿದ್ದು ಇಲ್ಲಿ. ಈ ಕೆಲಸದಲ್ಲಿ ಕೊನೆಯ ಕುಣಿಕೆಗೆ ಗಂಟು ಹಾಕಬೇಕು. ಹಾಕದೆ ಬಿಟ್ಟು ನೂಲಿನ ತುದಿ ಎಳೆದರೆ, ತಿಂಗಳುಗಟ್ಟಲೆ ಮಾಡಿದ್ದೆಲ್ಲ ಸರಸರ ಬಿಚ್ಚಿ ಕೈಗೆ ಬರುತ್ತದೆ. ಹೀರೆಬಳ್ಳಿ ಯಾರ ಅಂಚಿಗೂ ಕೊನೆಗಂಟು ಹಾಕಿರಲಿಲ್ಲ. ಮುಯ್ಯಿ ತೀರಿದ ದಿನ ಕೊನೆಗಂಟು ಅನ್ನುವುದು ಅವಳ ಪದ್ಧತಿ. ಅಲ್ಲಿಯವರೆಗೆ ಬಿಟ್ಟ ತುದಿ ಇಬ್ಬರ ನಡುವಿನ ನಂಬಿಕೆ ಅಂದುಕೊಂಡಿದ್ದಳು. ಎಂಥಾ ಮಳ್ಳಿ ನೋಡು.

ಮಳೆಗಾಲ ಕಳೆಯಿತು. ಹೀರೆಬಳ್ಳಿಗೆ ಮಕ್ಕಳಾದವು, ಚಪ್ಪಟೆ ಚಪ್ಪಟೆ ಬೀಜದ ಮಕ್ಕಳು, ಹಾಲಿನಷ್ಟು ಬೆಳ್ಳಗೆ. ಅವುಗಳನ್ನು ಹೊಟ್ಟೆಗೆ ಅವಚಿಕೊಂಡು ಅವಳು ಬಿಸಿಲು ಕಾಯಿಸುತ್ತಿದ್ದಳು. ಒಂದು ದಿನ ಗಾಳಿ ಬಂದು ಕಿವಿಯಲ್ಲಿ ಹೇಳಿತು. ಮಾಗಿ ಚಳಿ ಗುಡ್ಡದ ಆಚೆ ಬಂದು ಕೂತಿದೆ, ಈ ಸಲ ಯಾರನ್ನೂ ಬಿಡುವ ಹಾಗಿಲ್ಲ, ನಿನ್ನ ಮಕ್ಕಳ ಮೈಮೇಲೆ ಒಂದು ಎಳೆಯೂ ಇಲ್ಲವಲ್ಲ ಅಂತ.

ಹೀರೆಬಳ್ಳಿ ನೂಲು ಎಳೆಯಲು ನೋಡಿದಳು. ಬರಲಿಲ್ಲ. ಇದ್ದಬದ್ದ ರಸವೆಲ್ಲ ಕಡಲಿನ ಅಂಚಿಗೆ, ಅರಳಿಯ ಎಲೆಗೆ, ಹುಳದ ರೆಕ್ಕೆಗೆ ಹೋಗಿತ್ತು. ಪರವಾಗಿಲ್ಲ, ಮುಯ್ಯಿ ಇದೆಯಲ್ಲ ಅಂದುಕೊಂಡು ಧೈರ್ಯವಾಗಿಯೇ ಹೊರಟಳು.

ಕಡಲಿನ ಹತ್ತಿರ ಹೋದಳು. ಅವತ್ತು ಅಲ್ಲಿ ದೊಡ್ಡ ಕೂಟ. ಮೀನು, ಏಡಿ, ಶಂಖ, ದೂರದ ನದಿಗಳು, ಎಲ್ಲ ಸೇರಿ ಕಡಲಿನ ಬಿಳಿ ಅಂಚನ್ನು ಹೊಗಳುತ್ತಿದ್ದವು. ಹೀರೆಬಳ್ಳಿ ಒಂದು ಬದಿಯಲ್ಲಿ ನಿಂತು, ಮಕ್ಕಳಿಗೆ ಚಳಿ ಬಂತು, ಮುಯ್ಯಿಗೆ ಕರೆಯಲು ಬಂದೆ ಅಂದಳು. ಎಲ್ಲರೂ ತಿರುಗಿ ಅವಳನ್ನು ನೋಡಿದರು. ಮೈ ಇಳಿದ ಬಳ್ಳಿ, ಮಣ್ಣು ಮೆತ್ತಿದ ಕಾಲು. ಕಡಲಿಗೆ ಮುಜುಗರವಾಯಿತು.

"ಈ ಅಂಚು ನಾನು ಹುಟ್ಟುವಾಗಲೇ ನನ್ನ ಜೊತೆ ಬಂದದ್ದು," ಅಂದಿತು ಕಡಲು. "ಬೇಲಿಯ ಮೇಲೆ ಹಬ್ಬುವ ಬಳ್ಳಿಗೆ ನನ್ನ ಹತ್ತಿರ ಏನು ಕೆಲಸ?"

ಏಡಿಗಳು ನಕ್ಕವು. ಅದಕ್ಕೇ ಅವಕ್ಕೆ ಇವತ್ತಿಗೂ ನೆಟ್ಟಗೆ ನಡೆಯಲು ಬರುವುದಿಲ್ಲ, ಅನುಭವಿಸಲಿ.

ನಾನಾಗಿದ್ದರೆ ಅಲ್ಲೇ ಕೂಗಾಡುತ್ತಿದ್ದೆ. ಇಲ್ಲ, ಸುಳ್ಳು ಹೇಳಬಾರದು, ನಾನೂ ಕೂಗಾಡಿಲ್ಲ. ನನ್ನ ನಾದಿನಿ ವಾರಿಜ ಹೊಸಮನೆ ಮಾಡಿದಾಗ ಅವಳ ಪಡಸಾಲೆಯ ಬಾಗಿಲಿಗೆ ನಾನು ಪರದೆ ಹಾಕಿಕೊಟ್ಟಿದ್ದೆ, ಇಡೀ ಪರದೆ ಕ್ರೋಶಾ, ಜೋಡಿ ನವಿಲಿನದ್ದು. ಅದು ಮುಗಿದಾಗ ನನ್ನ ಕುತ್ತಿಗೆ ಎಡಕ್ಕೆ ತಿರುಗುತ್ತಿರಲಿಲ್ಲ. ಗೃಹಪ್ರವೇಶಕ್ಕೆ ಬಂದವರು ಎಲ್ಲಿಂದ ತರಿಸಿದಿರಿ ಅಂತ ಕೇಳಿದರು. ಅವಳು, ಪೇಟೆಯಲ್ಲಿ ಸಿಕ್ಕಿತು, ಹೊರದೇಶದ ಮಾಲು ಅಂದಳು. ನಾನು ಅಲ್ಲೇ ಪಕ್ಕದಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ. ಲೋಟ ಖಾಲಿ ಮಾಡಿ ಎದ್ದು ಬಂದೆ.

ಹೀರೆಬಳ್ಳಿ ಎದ್ದು ಬರಲಿಲ್ಲ. ಬಗ್ಗಿ, ಮರಳಿನ ಮೇಲೆ ಬಿದ್ದಿದ್ದ ನೂಲಿನ ತುದಿ ಹುಡುಕಿದಳು. ಅದೇ, ಗಂಟು ಹಾಕದೆ ಬಿಟ್ಟಿದ್ದು. ಹಿಡಿದು ಎಳೆದಳು. ಕಡಲಿನ ಅಂಚು ಈ ತುದಿಯಿಂದ ಆ ತುದಿಗೆ ಸರಸರ ಬಿಚ್ಚಿತು. ಆದರೆ ಏನು ಬಂತು? ಅಷ್ಟು ದಿನ ಉಪ್ಪುನೀರಿನಲ್ಲಿ ನೆನೆದ ನೂಲು ಅವಳ ಕೈಗೆ ಬರುತ್ತಲೇ ಗುಳ್ಳೆಗುಳ್ಳೆಯಾಗಿ ಒಡೆದುಹೋಯಿತು. ಮಕ್ಕಳಿಗೆ ಹೊದಿಸಲು ಒಂದು ಗೇಣೂ ಉಳಿಯಲಿಲ್ಲ.

ಅವತ್ತಿನಿಂದ ಕಡಲಿಗೆ ಅದೇ ಕೆಲಸ. ತಾನೇ ಅಂಚು ಕಟ್ಟಿಕೊಳ್ಳಲು ನೋಡುತ್ತದೆ, ಕೆಲಸ ಗೊತ್ತಿಲ್ಲ, ದಡಕ್ಕೆ ಬರುವಷ್ಟರಲ್ಲಿ ಬಿಚ್ಚಿಹೋಗುತ್ತದೆ. ಮತ್ತೆ ಕಟ್ಟುತ್ತದೆ, ಮತ್ತೆ ಬಿಚ್ಚುತ್ತದೆ. ಬೀಚಿಗೆ ಹೋದಾಗ ನೀನು ನೊರೆ ನೊರೆ ಅಂತ ಕುಣಿಯುತ್ತೀಯಲ್ಲ, ನನಗೆ ಕುಣಿಯಬೇಕು ಅನ್ನಿಸುವುದಿಲ್ಲ.

ಹೀರೆಬಳ್ಳಿ ಅರಳಿ ಮರದ ಹತ್ತಿರ ಹೋದಳು. ಅರಳಿ ಮರ ಕಡಲಿನ ಹಾಗೆ ಒರಟಲ್ಲ. ಬಾರಮ್ಮಾ, ಕೂತುಕೋ, ನೆರಳಿದೆ ಅಂದಿತು. ಅಷ್ಟರೊಳಗೆ ಗಾಳಿ ಬಂದು ಕಡಲಿನ ಸುದ್ದಿ ಹೇಳಿಯಾಗಿತ್ತು. ಮರ ಮೊದಲೇ ಹುಷಾರಾಗಿ, ಒಂದೊಂದು ಎಲೆಯ ಜಾಲರಿಯ ಮೇಲೂ ಎರಡೂ ಕಡೆಯಿಂದ ಹಸಿರು ಬಟ್ಟೆ ಎಳೆದು ಮುಚ್ಚಿಕೊಂಡಿತ್ತು.

ನೂಲಿನ ಕೆಲಸವಾ, ಯಾವುದಮ್ಮಾ, ನನ್ನ ಎಲೆಯಲ್ಲಿ ನಿನಗೆ ಏನಾದರೂ ಕಾಣುತ್ತದಾ ಅಂತ ನಯವಾಗಿ ಕೇಳಿತು. ನೋಡಿದರೆ ಹೌದು, ಏನೂ ಕಾಣುವುದಿಲ್ಲ. ನುಣ್ಣಗಿನ ಹಸಿರು. ಸುತ್ತಲಿನ ಗಿಡಮರಗಳೆಲ್ಲ, ಅಷ್ಟು ದೊಡ್ಡವರ ಮೇಲೆ ಸುಳ್ಳು ಹೊರಿಸಬಾರದು ಅಂತ ಅವಳಿಗೇ ಬುದ್ಧಿ ಹೇಳಿದವು.

ಹೀರೆಬಳ್ಳಿ ತಲೆ ಎತ್ತಿದಳು. ಒಂದೊಂದು ಎಲೆಯ ತುದಿಯಲ್ಲೂ ಅವಳು ಬಿಟ್ಟ ನೂಲಿನ ಕೊನೆ ಬಾಲದ ಹಾಗೆ ಜೋತುಕೊಂಡಿತ್ತು. ಅದನ್ನು ಮುಚ್ಚಿಕೊಳ್ಳಲು ಮರಕ್ಕೆ ಆಗಿರಲಿಲ್ಲ. ಅವಳು ಕಾಂಡ ಹಿಡಿದು ಹತ್ತಲು ಹೋದಳು. ಮೈಯಲ್ಲಿ ಕಸುವಿರಲಿಲ್ಲ. ಕೈ ಚಾಚಿದಳು, ಎಟುಕಲಿಲ್ಲ. ಜಾರಿ ಬಿದ್ದಳು, ಮತ್ತೆ ಎದ್ದು ಚಾಚಿದಳು, ಎಟುಕಲಿಲ್ಲ. ಮರ ಮೇಲಿನಿಂದ ನೋಡುತ್ತಿತ್ತು.

ಆ ಹೆದರಿಕೆ ಮಾತ್ರ ಮರಕ್ಕೆ ಇನ್ನೂ ಹೋಗಿಲ್ಲ. ಕಟ್ಟೆಯ ಹತ್ತಿರ ನಿಂತು ನೋಡು, ಬೇರೆ ಮರಗಳೆಲ್ಲ ತೆಪ್ಪಗಿರುವಾಗಲೂ ಅರಳಿಯ ಎಲೆ ಪಟಪಟ ನಡುಗುತ್ತಿರುತ್ತದೆ. ಎಲ್ಲಿ ಬಂದು ಬಾಲ ಹಿಡಿದು ಎಳೆದಾಳೋ ಅಂತ. ಎಲೆ ಸತ್ತು ಕೆಳಗೆ ಬಿದ್ದು, ನೀರಿನಲ್ಲಿ ಹಸಿರು ಬಟ್ಟೆ ಕೊಳೆತುಹೋದ ಮೇಲೆ ಒಳಗಿನ ಲೇಸ್ ಕಾಣುತ್ತದೆ. ನೀನೇ ಪುಸ್ತಕದೊಳಗೆ ಇಟ್ಟುಕೊಂಡಿದ್ದೀಯಲ್ಲ ಒಂದು. ಬದುಕಿರುವಾಗ ಒಪ್ಪಿಕೊಳ್ಳದೆ ಸತ್ತ ಮೇಲೆ ತೋರಿಸಿದರೆ ಯಾರಿಗೆ ಬಂತು?

ಹೀರೆಬಳ್ಳಿ ಬೇಲಿಗೆ ವಾಪಸ್ ಬಂದಳು. ಹೀಗೆ ಎಲ್ಲರೆದುರು ಸುಳ್ಳಿ ಅನ್ನಿಸಿಕೊಂಡ ಮೇಲೆ ಅವಳಿಗೆ ಹಗಲು ಹೊತ್ತು ಮುಖ ಎತ್ತಲು ಮನಸ್ಸಾಗಲಿಲ್ಲ. ಬಿಸಿಲು ಇಳಿದು, ದನಕರು ಮನೆ ಸೇರಿ, ದಾರಿಯಲ್ಲಿ ಯಾರೂ ಇಲ್ಲ ಅಂತ ಆದ ಮೇಲೆ ಹೂವು ಅರಳಿಸಿದಳು. ಈಗಲೂ ಹಾಗೇ. ಬೇರೆಯವರ ಹೂವು ಬೆಳಗ್ಗೆ ಅರಳಿದರೆ ಇವಳ ಹಳದಿ ಹೂವು ಅರಳುವುದು ಸಂಜೆ.

ಆ ಸಂಜೆ ಅವಳನ್ನು ಹುಡುಕಿಕೊಂಡು ಬಂದದ್ದು ಕೆರೆಹುಳ ಒಂದೇ. ಯಾರೂ ಕರೆದಿರಲಿಲ್ಲ. ಗಾಳಿಯ ಬಾಯಿಂದ ಕೇಳಿ, ತಾನೇ ಹಾರಿ ಬಂದು ಅವಳ ಎಲೆಯ ಮೇಲೆ ಕೂತಿತು. ರೆಕ್ಕೆಯ ತುದಿ ಅವಳ ಕಡೆ ಚಾಚಿತು.

"ಮುಯ್ಯಿ ತೀರಿಸಲು ನನ್ನ ಹತ್ತಿರ ಬೇರೆ ನೂಲಿಲ್ಲ," ಅಂದಿತು ಹುಳ. "ಇದು ನೀನು ಕೊಟ್ಟದ್ದೇ. ಎಳೆದುಕೋ."

ನಾಲ್ಕು ರೆಕ್ಕೆಯ ನೂಲು, ಅವಳದೇ. ಬಿಚ್ಚಿದರೆ ಎಲ್ಲ ಮಕ್ಕಳಿಗೂ ಸಾಲುತ್ತಿರಲಿಲ್ಲ, ಕೆಲವಕ್ಕಾದರೂ ಆಗುತ್ತಿತ್ತು. ಹೀರೆಬಳ್ಳಿ ತುದಿ ಹಿಡಿದಳು. ಬೇಲಿಯ ಕೆಳಗಿನ ಕೆರೆಯಲ್ಲಿ ಮೀನು ಬಾಯಿ ಮುಚ್ಚಿ ತೆರೆದು ಮಾಡುತ್ತಿತ್ತು. ಹೊಟ್ಟೆಯೊಳಗೆ ಮಕ್ಕಳು ಚಳಿಗೆ ಒಂದಕ್ಕೊಂದು ಒತ್ತಿಕೊಳ್ಳುತ್ತಿದ್ದವು. ಹುಳ ಕಣ್ಣು ಮುಚ್ಚಿಕೊಂಡು ಕಾಯುತ್ತಿತ್ತು.

ನೀನಾಗಿದ್ದರೆ ಎಳೆಯುತ್ತಿದ್ದೆಯಾ? ಈಗಲೇ ಹೇಳಬೇಡ.

ಕೊನೆಗೆ ಅವಳು ಎಳೆಯಲಿಲ್ಲ. ಆ ತುದಿಯನ್ನೇ ತಿರುಗಿಸಿ ಬಿಗಿಯಾಗಿ ಗಂಟು ಹಾಕಿದಳು. ಒಂದೊಂದು ರೆಕ್ಕೆಗೂ ಒಂದೊಂದು ಕೊನೆಗಂಟು. ನಿನ್ನ ಮುಯ್ಯಿ ತೀರಿತು, ಹೋಗು ಅಂದಳು. ಹುಳ ಹಾರಿಹೋಯಿತು. ಅದು ಗಿಡದ ಮೇಲೆ ಕೂತಾಗ ಹತ್ತಿರ ಹೋಗಿ ನೋಡು, ಹಿಡಿಯಬೇಡ, ಬರೀ ನೋಡು. ರೆಕ್ಕೆಯ ತುದಿಯ ಹತ್ತಿರ ಸಣ್ಣದೊಂದು ಕಪ್ಪು ಚುಕ್ಕೆ ಇರುತ್ತದೆ. ಅದೇ ಆ ಗಂಟು.

ಒಳ್ಳೆಯವಳು ಅಂತೀಯಾ? ಒಳ್ಳೆಯತನ ಹೊದ್ದುಕೊಂಡರೆ ಚಳಿ ನಿಲ್ಲುವುದಿಲ್ಲ ಮಗಳೇ. ಹುಳ ಹೋದ ಮೇಲೆ ಅವಳ ಸಿಟ್ಟು ನೆತ್ತಿಗೇರಿತು. ಕಡಲಿನ ಮೇಲೆ, ಅರಳಿಯ ಮೇಲೆ, ನಕ್ಕ ಏಡಿಗಳ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೇ. ಮುಯ್ಯಿಯನ್ನು ನಂಬಿ ತನ್ನ ಮಕ್ಕಳಿಗೆ ಅಂತ ಒಂದು ಎಳೆಯನ್ನೂ ಎತ್ತಿಡಲಿಲ್ಲವಲ್ಲ ಅಂತ. ಆ ಸಿಟ್ಟು ಅವಳ ಬೇರಿನಿಂದ ಕುಡಿಯವರೆಗೆ ಹರಿದು, ಉಳಿದಿದ್ದ ತೊಟ್ಟು ರಸವೂ ಕಹಿಯಾಯಿತು.

ಅಷ್ಟರಲ್ಲಿ ಚಳಿ ಗುಡ್ಡ ಇಳಿಯಿತು.

ಆಗ ಅವಳು ತನ್ನ ಕೊಕ್ಕೆ ಬೆರಳುಗಳನ್ನು ಹೊರಗಿನಿಂದ ಒಳಕ್ಕೆ ತಿರುಗಿಸಿದಳು. ಮೈಯ ರಸ ಮುಗಿದಿತ್ತಲ್ಲ, ಮಾಂಸದಿಂದಲೇ ನೂಲು ತೆಗೆದಳು. ಎಲೆ ಒಣಗಲಿ ಅಂತ ಬಿಟ್ಟಳು, ಬೇರು ಒಣಗಲಿ ಅಂತ ಬಿಟ್ಟಳು. ಕೂತಳು, ನೂಲು ಎಳೆದಳು, ಕುಣಿಕೆಯೊಳಗಿಂದ ಕುಣಿಕೆ ತೆಗೆದಳು. ಹೊಟ್ಟೆಯೊಳಗಿನ ಕತ್ತಲಲ್ಲಿ, ಮಕ್ಕಳ ಸುತ್ತ, ಒಂದರ ಮೇಲೊಂದು ಪದರ ಹಾಕುತ್ತಾ ಹೋದಳು. ನುಣ್ಣಗಿದ್ದ ಮೈ ಒಳಕ್ಕೆ ಸೊರಗಿ ಪಕ್ಕೆಲುಬುಗಳು ಹೊರಗೆ ಎದ್ದವು. ಮುಟ್ಟಿ ನೋಡು ಈ ಕಾಯಿಯನ್ನು. ಮೇಲಿನಿಂದ ಕೆಳಗಿನವರೆಗೆ ಚೂಪು ಏಣುಗಳಿವೆಯಲ್ಲ, ನಾವು ಕೆರೆದು ಬಿಸಾಡುತ್ತೇವಲ್ಲ, ಅವೇ ಅವಳ ಪಕ್ಕೆಲುಬು.

ಮಕ್ಕಳಿಗೆ ಒಳಗೆ ಬೆಚ್ಚಗಾಯಿತು. ಆದರೆ ಕತ್ತಲು. ಅವು ಅಮ್ಮನ ಮುಖ ಕಾಣುವುದಿಲ್ಲ ಅಂತ ಅತ್ತವು.

"ಮುಖ ನೋಡಿ ಏನಾಗಬೇಕು, ಹೊದ್ದುಕೊಂಡು ಮಲಗಿ," ಅಂದಳು ಹೀರೆಬಳ್ಳಿ. "ಕೇಳಿದವರಿಗೆಲ್ಲ ಹಾಕಿಕೊಟ್ಟೆ. ಇದೊಂದು ನಿಮ್ಮದು. ಇದು ಯಾರ ಕಣ್ಣಿಗೂ ಬೀಳಬಾರದು."

ಅದಕ್ಕೇ ಅದು ಒಳಗಿರುವುದು. ಹೊರಗೆ ಒರಟು ಸಿಪ್ಪೆ, ಒಳಗೆ ಲೇಸ್. ಲೋಕದಲ್ಲಿ ಎಲ್ಲರೂ ಚಂದವನ್ನು ಹೊರಗೆ ತೊಟ್ಟರೆ ಇವಳು ಒಬ್ಬಳೇ ಒಳಗೆ ಇಟ್ಟುಕೊಂಡಳು. ಕೆಲಸ ಮುಗಿದಾಗ ಕೊನೆಗಂಟು ಹಾಕಬೇಕಿತ್ತು. ಮುಯ್ಯಿಗೆ ಬರುವವರು ಯಾರೂ ಇರಲಿಲ್ಲ. ತಾನೇ ಹಾಕಿಕೊಂಡಳು. ಇದ್ದ ಸಿಟ್ಟನ್ನೆಲ್ಲ ಸೇರಿಸಿ ಕಾಯಿಯ ತುದಿಯಲ್ಲಿ ಬಿಗಿದು, ಮೇಲೊಂದು ಮುಚ್ಚಳ ಹಾಕಿದಳು.

ಚಳಿ ಬಂತು, ಕೊರೆಯಿತು, ಹೋಯಿತು. ಮಕ್ಕಳು ಉಳಿದವು. ಅಷ್ಟು ದಿನ ಕತ್ತಲಲ್ಲಿ ಮಲಗಿ ಬಿಳಿ ಮೈ ಕಪ್ಪಾಗಿತ್ತು, ಆದರೆ ಉಳಿದವು. ಬೇಸಿಗೆಯ ಬಿಸಿಲಿಗೆ ಗಂಟು ಒಣಗಿ, ಮುಚ್ಚಳ ಟಪ್ ಅಂತ ಬಿದ್ದು, ಮಕ್ಕಳು ಒಂದೊಂದಾಗಿ ಮಣ್ಣಿಗೆ ಉದುರಿದವು. ಅಮ್ಮನ ಮುಖ ನೋಡೋಣ ಅಂತ ತಲೆ ಎತ್ತಿದರೆ, ಬೇಲಿಯ ಮೇಲೆ ತರಗು. ಬಳ್ಳಿ ಎಂದೋ ಒಣಗಿತ್ತು. ಒಂದು ಮಗುವೂ ಅವಳ ಮುಖ ನೋಡಲಿಲ್ಲ.

ಹೀರೆಯ ಮಕ್ಕಳು ಇವತ್ತಿಗೂ ತಾಯಿಯನ್ನು ನೋಡದೆಯೇ ಹುಟ್ಟುತ್ತವೆ. ಸುಮ್ಮನಿರು, ಅಳಬೇಡ, ಕಥೆ ಇನ್ನೂ ಮುಗಿದಿಲ್ಲ. ಮುಗಿದಿದ್ದರೆ ಒಳ್ಳೆಯದಿತ್ತು.

ಆ ಬೇಲಿಯ ಹತ್ತಿರ ಸೌದೆ ಆರಿಸಲು ಬೊಮ್ಮಿ ಅನ್ನುವ ಹೆಂಗಸು ಬಂದಳು. ತುಂಬಿದ ಬಸುರಿ. ಜೋತಾಡುತ್ತಿದ್ದ ಒಣ ಕಾಯಿ ಕಿತ್ತು, ಸಿಪ್ಪೆ ಬಿಡಿಸಿದಳು. ಒಳಗಿನದನ್ನು ನೋಡಿ ಸೌದೆ ಮರೆತು ಅಲ್ಲೇ ಕೂತುಬಿಟ್ಟಳು. ಯಾವ ಎಳೆ ಎಲ್ಲಿಂದ ಬಂತು, ಯಾವ ಕುಣಿಕೆಯೊಳಗೆ ಹೋಯಿತು ಅಂತ ಉಗುರಿನಿಂದ ಬಿಡಿಸಿ ಬಿಡಿಸಿ ನೋಡಿದಳು. ಬಳ್ಳಿಯ ಒಣಗಿದ ಬೆರಳನ್ನೂ ನೋಡಿದಳು. ಮನೆಗೆ ಹೋಗಿ ಮೀನಿನ ಮುಳ್ಳನ್ನು ಹಾಗೇ ಕೊಕ್ಕೆಯಾಗಿ ತೀಡಿಕೊಂಡು, ಹತ್ತಿಯ ನೂಲಿನಲ್ಲಿ ತನ್ನ ಹುಟ್ಟುವ ಮಗುವಿಗೆ ಒಂದು ಕುಲಾವಿ ಹಾಕಿದಳು. ಮನುಷ್ಯರ ಕೈಯಿಂದ ಆದ ಮೊದಲ ಲೇಸ್ ಅದು.

ನನಗೆ ಕಾನ್ವೆಂಟ್ ಶಾಲೆಯಲ್ಲಿ ಕ್ರೋಶಾ ಕಲಿಸಿದ ಸಿಸ್ಟರ್, ಇದು ಹಡಗಿನಲ್ಲಿ ಬಂದ ವಿದ್ಯೆ ಅನ್ನುತ್ತಿದ್ದರು. ಬಂದಿರಬಹುದು. ಹಡಗಿನವರಿಗೆ ಯಾರು ಕಲಿಸಿದರು ಅಂತ ಕೇಳಿದರೆ, ಸುಮ್ಮನೆ ಕಡ್ಡಿ ಹಿಡಿ ಅನ್ನುತ್ತಿದ್ದರು.

ಬೊಮ್ಮಿಯ ಕುಲಾವಿ ಊರ ಒಡತಿಯ ಕಣ್ಣಿಗೆ ಬಿತ್ತು. ಅಯ್ಯೋ ಚಂದವೇ, ನನ್ನ ಸೆರಗಿಗೂ ಹೀಗೇ ಹಾಕಿಕೊಡು ಅಂದಳು. ನಿನ್ನ ಮಗಳ ಮದುವೆಗೆ ನಾನಿದ್ದೇನೆ ಅಂತಲೂ ಅಂದಳು. ಆಮೇಲೆ ಏನಾಯಿತು ಅಂತ ನಾನು ಬಾಯಿಬಿಟ್ಟು ಹೇಳಬೇಕಾ? ಹೀರೆಬಳ್ಳಿಗೆ ಆದದ್ದೇ ಬೊಮ್ಮಿಗೂ ಆಯಿತು, ಬೊಮ್ಮಿಯ ಮಗಳಿಗೂ ಆಯಿತು. ಲೇಸ್ ತೊಟ್ಟವರ ಪಟ ಗೋಡೆಯ ಮೇಲೆ ಬಂತು. ಹಾಕಿದವರ ಹೆಸರು ಯಾರಿಗೂ ಗೊತ್ತಿಲ್ಲ.

ಆ ಒಣ ಕಾಯಿಯ ಒಳಗಿನದು ಏನಾಯಿತು ಅಂತ ಕೇಳುತ್ತೀಯಾ? ಅದನ್ನು ಬೊಮ್ಮಿ ಜೋಪಾನವಾಗಿ ಗೋಡೆಯ ಗೂಡಿನಲ್ಲಿ ಇಟ್ಟಿದ್ದಳು. ಅವಳ ಅತ್ತೆ ನೋಡಿದಳು. ಇದೆಂಥಾ ನಾರು, ಒಳ್ಳೇ ಗಟ್ಟಿಯಿದೆ ಅಂತ ತಳ ಹಿಡಿದ ಗಂಜಿ ಮಡಕೆ ಉಜ್ಜಲು ತೆಗೆದುಕೊಂಡಳು. ಮಡಕೆ ಫಳಫಳ ಅಂದಿತು. ಅಕ್ಕಪಕ್ಕದವರೂ ಬೇಲಿ ಹುಡುಕಿಕೊಂಡು ಹೋದರು. ಯಾರ ಕಣ್ಣಿಗೂ ಬೀಳಬಾರದು ಅಂತ ಆ ತಾಯಿ ಒಳಗೆ ಮುಚ್ಚಿಟ್ಟ ಹೊದಿಕೆಯಿಂದಲೇ ನಿನ್ನ ಅಮ್ಮ ನಿನ್ನ ಬೆನ್ನು ಉಜ್ಜುವುದು. ಬಚ್ಚಲ ಮೊಳೆಗೆ ನೇತುಹಾಕಿದ್ದೇವಲ್ಲ, ಅದೇ.

ನನ್ನ ನವಿಲಿನ ಪರದೆಯೂ ಅಷ್ಟೇ. ಹೋದ ವರ್ಷ ವಾರಿಜಳ ಮನೆಗೆ ಹೋದಾಗ ಅವಳ ಸೊಸೆ ಅದರಲ್ಲಿ ಸ್ಕೂಟರ್ ಒರೆಸುತ್ತಿದ್ದಳು. ಒಂದು ನವಿಲಿನ ಕೊರಳು ಇನ್ನೂ ಗಟ್ಟಿಯಾಗಿತ್ತು. ನಾನು ಹಾಕಿದ ಕೊನೆಗಂಟು, ಬಿಚ್ಚಿರಲಿಲ್ಲ.

ಇಲ್ಲಿ ಕೊಡು ಆ ಕಾಯಿ. ಇದನ್ನು ಪಲ್ಯಕ್ಕೆ ಹಾಕುವ ಹಾಗಿಲ್ಲ, ಒಂದು ಕಹಿ ಇದ್ದರೆ ಪಾತ್ರೆಯೆಲ್ಲ ಕಹಿ. ಇನ್ನೊಂದನ್ನು ತೆಗೆದುಕೋ. ಎಲ್ಲ ಕಾಯಿಯೂ ಕಹಿಯಲ್ಲ, ಹೆಚ್ಚಿನವು ಸಿಹಿಯೇ ಇರುತ್ತವೆ, ಮಕ್ಕಳ ಮೇಲೆ ಪ್ರೀತಿ ಇತ್ತಲ್ಲ ಅವಳಿಗೆ. ಯಾವಾಗ ಯಾವುದು ನೆನಪಾಗುತ್ತದೋ ಯಾರಿಗೆ ಗೊತ್ತು. ಅದಕ್ಕೇ ಸಿಂಚು, ಇವತ್ತಿಗೂ ಹೀರೆಕಾಯಿ ಹೆಚ್ಚುವ ಮೊದಲು ನಾವು ಹೆಂಗಸರೆಲ್ಲ ಅವಳು ಗಂಟು ಹಾಕಿದ ತುದಿಯನ್ನು ಕತ್ತರಿಸಿ ನಾಲಿಗೆಗೆ ತಾಗಿಸಿ ನೋಡುತ್ತೇವೆ, ಅವಳ ಸಿಟ್ಟು ಇಳಿಯಿತಾ, ಇನ್ನೂ ಇಲ್ಲವಾ ಅಂತ.